ಕೆಂಚನ ಲಿವರ್ರೂ ನಮ್ಮನೆ ಎಡೆಯೂ

ಮನೆಯಲ್ಲಿ ಕಾಯಿಲೆಯವರಿದ್ದರೆ ಅಳುವುದಕ್ಕಿಂತ ನಗುವ ಪ್ರಸಂಗಗಳೇ ಜಾಸ್ತಿ, ಅದರಲ್ಲೂ ಕಾಯಿಲೆಯವನಿಗೆ ನಾಲ್ಕು ಕಾಲಿದ್ದರೆ. ಅಬ್ಬಿಗೆರೆಯಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ, ಹಿಂದೆಯೇ ಮನೆ. ನನಗೆ ಕೋಪ ಮೂಗಿನ ತುದಿಯಲ್ಲಿ ಅಂತ ಹೆಂಡತಿ ಹೇಳುತ್ತಾಳೆ; ಸುಳ್ಳಲ್ಲ. ನಮ್ಮ ನಾಯಿ ಕೆಂಚನಿಗೆ ವಯಸ್ಸಾದ ಮೇಲೆ ಲಿವರ್ ಕೆಟ್ಟಿತು. ಯಲಹಂಕದ ಡಾಕ್ಟರಮ್ಮ, “ಪೂರ್ತಿ ವಾಸಿ ಆಗಲ್ಲ. ಮಾತ್ರೆ ತಪ್ಪಿಸ್ಬೇಡಿ, ಜಿಡ್ಡು ಹಾಕ್ಬೇಡಿ, ಇನ್ನೂ ಸ್ವಲ್ಪ ಕಾಲ ಚೆನ್ನಾಗಿರ್ತಾನೆ” ಅಂದರು. ಆ ಸ್ವಲ್ಪ ಕಾಲ ಸಿಕ್ಕರೆ ಸಾಕಪ್ಪಾ ಅಂತ ಮನೆಮಂದಿಯೆಲ್ಲ ಟೊಂಕ ಕಟ್ಟಿ ನಿಂತೆವು.

ಮುದ್ದೆ

ಮಾತ್ರೆಯನ್ನು ರಾಗಿ ಮುದ್ದೆಯೊಳಗೆ ಇಟ್ಟರೆ ಮುಗಿಯಿತು ಅಂದುಕೊಂಡೆ. ನಮ್ಮದು ಮುದ್ದೆ ನುಂಗುವ ಮನೆ, ಅಗಿದರೆ ಮರ್ಯಾದೆ ಇಲ್ಲ. ಕೆಂಚನೂ ಮರಿಯಿಂದ ಗುಳುಂ ಅಂತ ನುಂಗಿಯೇ ಬೆಳೆದವನು. ಮಾತ್ರೆ ಶುರುವಾದ ದಿನದಿಂದ ಮಾತ್ರ ಮಹರಾಯ ಒಂದೊಂದು ತುತ್ತನ್ನೂ ನಿಧಾನಕ್ಕೆ ಅಗಿದು, ಮುದ್ದೆ ಒಳಗೆ ಬಿಟ್ಟುಕೊಂಡು, ಮಾತ್ರೆಯನ್ನು ನೆಲದ ಮೇಲೆ ಇಡತೊಡಗಿದ.

ಅಮ್ಮ ಹಣೆ ಚಚ್ಚಿಕೊಂಡರು. “ಮೂರು ತಲೆಮಾರಿಂದ ಈ ಮನೇಲಿ ಮುದ್ದೆ ಅಗಿದೋರಿಲ್ಲ. ಪೇಟೆಯಿಂದ ಬಂದ ಸೊಸೆಗೂ ನುಂಗೋದು ಕಲಿಸ್ದೆ. ಈ ನನ್ಮಗ ಕುಲ ಕೆಡಿಸ್ಬಿಟ್ಟ!”

ಮೆಡಿಕಲ್ ಶಾಪು

ಅವನ ಲಿವರ್ ಮಾತ್ರೆ ಮನುಷ್ಯರದ್ದೇ. ಮತ್ತಿಕೆರೆಯ ಒಂದು ಮೆಡಿಕಲ್ ಶಾಪಿನಲ್ಲಿ ಬಿಲ್ಲಿಗೆ ಹೆಸರು ಕೇಳಿದರು. “ಕೆಂಚ” ಅಂದೆ. ವಯಸ್ಸು? “ಹದಿಮೂರು.”

ಅಂಗಡಿಯವರ ಪೆನ್ನು ನಿಂತಿತು. ಸುತ್ತಮುತ್ತ ಕಾಲೇಜು ಹುಡುಗರ ರೂಮುಗಳು, ಅವರು ಬಹಳ ನೋಡಿದವರು. “ಮೊದ್ಲೆಲ್ಲ ಇಂಜಿನಿಯರಿಂಗ್ ಸೇರಿದ್ಮೇಲೆ ಕುಡಿಯೋಕೆ ಶುರು ಮಾಡ್ತಿದ್ರು ಸಾರ್. ಈಗ ಎಂಟನೇ ಕ್ಲಾಸಿಗೇನಾ?”

ಸಕ್ಕರೆ ಇಲ್ಲದ ಟೀ

ಆಮೇಲೆ ಡಾಕ್ಟರಮ್ಮ ಸ್ಟೀರಾಯ್ಡ್ ಸೇರಿಸಿದರು. ಹಸಿವು, ಬಾಯಾರಿಕೆ, ಉಚ್ಚೆ ಎಲ್ಲ ಹೆಚ್ಚುತ್ತೆ ಅಂತ ಮೊದಲೇ ಹೇಳಿದ್ದರು. ಹೆಚ್ಚಿತು. ಒಳಗಿಂದ ಅವನು ಕುಂಯ್ ಅಂದರೆ ಸಾಕು, ಗಿರಾಕಿಗೆ “ಒಂದ್ನಿಮಿಷ, ಉಚ್ಚೆ ಅರ್ಜೆಂಟು” ಅಂದು ಓಡುತ್ತಿದ್ದೆ. ನಾನಿಲ್ಲದಾಗ ಅಂಗಡಿ ಕಾಯುತ್ತಿದ್ದವನು ಪಕ್ಕದ ಟೀ ಅಂಗಡಿಯವನು. ಅವನ ಋಣ ನನ್ನ ಮೇಲೆ ಬಹಳ ಇದೆ.

ಒಂದು ದಿನ ಅವನು ಕೊಟ್ಟ ಟೀಯಲ್ಲಿ ಸಕ್ಕರೆಯೇ ಇಲ್ಲ. “ಸಕ್ಕರೆ ಎಲ್ಲಯ್ಯಾ?” ಅಂತ ರೇಗಿದೆ.

ಅವನು ನನ್ನ ಬೆನ್ನು ಸವರಿದ. “ನಮ್ಮಪ್ಪಂಗೂ ಹಿಂಗೇ ಶುರುವಾಗಿದ್ದು ಅಣ್ಣ. ಮೊದ್ಲು ಉಚ್ಚೆ, ಆಮೇಲೆ ಕೋಪ. ಸುಮ್ನೆ ಕುಡೀರಿ.”

ಎಡೆ

ಹಿರಿಯರ ಹಬ್ಬಕ್ಕೆ ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುತ್ತೇವೆ. ಅಪ್ಪನ ಫೋಟೋ ಮುಂದೆ ಬಾಳೆ ಎಲೆ ತುಂಬ ಮಟನ್ ಸಾರು, ಕೈಮ ಉಂಡೆ, ಮುದ್ದೆ, ಪಕ್ಕದಲ್ಲಿ ಒಂದು ಗ್ಲಾಸು ಬ್ರಾಂದಿ. ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋಗಬೇಕು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು.

ಹೋದೆವು. ಎಲೆ ಖಾಲಿ! ಒಂದು ಚೂರೂ ಇಲ್ಲ.

“ಬಂದವ್ರೆ ಕಣೋ! ಈ ವರ್ಷ ನಿಮ್ಮಪ್ಪ ಬಂದು ಉಂಡವ್ರೆ!” ಅಂತ ಅಮ್ಮ ಅತ್ತರು. ಹೆಂಡತಿ ಕೈಮುಗಿದಳು. ನಾನೂ ಅಡ್ಡಬಿದ್ದೆ. ಅಷ್ಟರಲ್ಲಿ ಅಪ್ಪನಿಗೆ ಅಂತ ಕುರ್ಚಿ ಮೇಲೆ ಇಳಿಬಿಟ್ಟಿದ್ದ ಹೊಸ ಪಂಚೆಯ ಹಿಂದಿನಿಂದ ಒಂದು ದೊಡ್ಡ ತೇಗು ಕೇಳಿಸಿತು.

ಮೀಸೆಯೆಲ್ಲ ಮಸಾಲೆ ಮಾಡಿಕೊಂಡು ಕೆಂಚ ಕೂತಿದ್ದ. ಜಿಡ್ಡು ಅವನಿಗೆ ವಿಷ. ಇಷ್ಟು ದಿನ ಉಳಿಸಿಕೊಂಡು ಬಂದದ್ದೆಲ್ಲ ನೀರಲ್ಲಿ ಹೋಮವಾಯಿತಲ್ಲ ಅಂತ ಅವನನ್ನು ಎತ್ತಿಕೊಂಡು ಆಟೋ ಹತ್ತಿದೆ. ಅಮ್ಮ ದಾರಿಯುದ್ದಕ್ಕೂ ಅವನ ತಲೆ ಸವರುತ್ತಾ ಬೈಯುತ್ತಿದ್ದರು.

“ಏನ್ ತಿಂದ?” ಡಾಕ್ಟರಮ್ಮ ಕೇಳಿದರು.

“ಇವ್ನು ತಿಂದಿಲ್ಲ ಕಣವ್ವ” ಅಮ್ಮ ಬಿಡಲಿಲ್ಲ. “ತಿಂದಿದ್ದು ನಮ್ಮೆಜಮಾನ್ರು. ಇವ್ನು ಮಿಕ್ಕಿದ್ದು ನೆಕ್ಕಿರ್ಬೇಕು ಅಷ್ಟೇ.”

ನಾನು ನಡೆದದ್ದು ಹೇಳಿದೆ. ಡಾಕ್ಟರಮ್ಮನೂ ಇದೇ ಕಡೆಯವರು, ಎಡೆಯ ವಿಚಾರ ಬಲ್ಲವರು. ಹೊಟ್ಟೆ ಒತ್ತಿ ನೋಡುತ್ತಾ, “ಬ್ರಾಂದಿ ಇಟ್ಟಿದ್ರಾ? ಅದನ್ನೂ ಕುಡಿದಿದ್ರೆ ಕಷ್ಟ” ಅಂದರು.

“ಇಲ್ಲ ಮೇಡಂ, ಗ್ಲಾಸು ತುಂಬಿದ್ದು ತುಂಬಿದಂಗೇ ಇತ್ತು.”

“ಹಾಗಾದ್ರೆ ಹೆದರ್ಬೇಡಿ. ಇಂಜೆಕ್ಷನ್ ಕೊಡ್ತೀನಿ, ಡ್ರಿಪ್ ಹಾಕ್ತೀನಿ. ಈ ಸಲ ಪಾರಾಗ್ತಾನೆ.”

ನಾನು ದೇವರಿಗೂ ಡಾಕ್ಟರಮ್ಮನಿಗೂ ಒಟ್ಟಿಗೇ ಕೈಮುಗಿದೆ. ಕೆಂಚ ಬಾಲ ಅಲ್ಲಾಡಿಸಿದ. ಅಮ್ಮ ಮಾತ್ರ ಇನ್ನೂ ಗ್ಲಾಸಿನ ಮಾತಲ್ಲೇ ಇದ್ದರು. ಕೊನೆಗೆ ನಿಟ್ಟುಸಿರು ಬಿಟ್ಟು ಹೇಳಿದರು:

“ಬ್ರಾಂದಿ ಅಂಗೇ ಇತ್ತಾ? ಅಂಗಾದ್ರೆ ಬಂದಿದ್ದು ಅವ್ರಲ್ಲ ಬಿಡವ್ವ. ತಿಂದಿದ್ದು ಈ ನನ್ಮಗನೇ.”