ಎಲ್ಲರೂ ಜೂನ್ ಒಂದರಂದೇ ಹುಟ್ಟಿದವರು!

ಜಗತ್ತಿನ ಯಾವ ದೇಶದ ಫುಟ್‌ಬಾಲ್ ಹುಡುಗನ ಹುಟ್ಟಿದ ತಾರೀಖು ಬೇಕಾದರೂ ನಮ್ಮ ಸೋದರಮಾವನನ್ನು ಕೇಳಿ, ಥಟ್ಟನೆ ಹೇಳಿಬಿಡುತ್ತಾರೆ. ಅವರದೇ ಮದುವೆಯಾದ ತಾರೀಖು ಮಾತ್ರ ಕೇಳಬೇಡಿ. ಪಾಪ, ಅತ್ತೆಯ ಮುಖ ನೋಡುತ್ತಾರೆ!

ಹದಿನೇಳರೊಳಗಿನ ಹುಡುಗರ ಅಂತರರಾಷ್ಟ್ರೀಯ ಪಂದ್ಯಾವಳಿ ಶುರುವಾಯಿತೆಂದರೆ ರಾಯಚೂರಿನ ಅವರ ಮನೆಯ ಟಿ.ವಿ. ಮತ್ತೆ ಯಾರ ಕೈಗೂ ಸಿಗುವುದಿಲ್ಲ. ಹಾಗಂತ ಮಾವ ಆಟಗಾರರೇ? ಜೀವಮಾನದಲ್ಲಿ ಒಂದು ಚೆಂಡನ್ನೂ ಒದ್ದವರಲ್ಲ! ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಹೆಡ್ ಮಾಸ್ತರರಾಗಿ ನಿವೃತ್ತರಾದವರು. ಆಫ್‌ಸೈಡ್ ಎಂದರೆ ಏನೆಂದು ಉಪ್ಪಿನಕಾಯಿ ಬಾಟಲಿ, ಚಟ್ನಿಪುಡಿ ಡಬ್ಬಿ ಜೋಡಿಸಿಟ್ಟು ನಾನು ಮೂರು ಸಲ ವಿವರಿಸಿದ್ದೇನೆ. ಮೂರು ಸಲವೂ ತಲೆಯಾಡಿಸಿ, "ಅದಿರಲಿ ಯವ್ವಾ, ಆ ಗೋಲ್‌ಕೀಪರಗ ಎಷ್ಟು ವಯಸ್ಸು?" ಎಂದೇ ಕೇಳಿದ್ದಾರೆ.

ಹೀಗಾಗಿ ಪಂದ್ಯದ ಹೊತ್ತಿಗೆ ನಾನು ಮೊಬೈಲ್ ಹಿಡಿದು ಪಕ್ಕದಲ್ಲಿ ಕೂರಬೇಕು. ತಂಡದ ಪಟ್ಟಿಯಲ್ಲಿ ಹುಡುಗರ ಜನ್ಮದಿನಾಂಕ ಹುಡುಕಿ ಓದಬೇಕು. ಮೊದಲ ಸಲ ಓದಿದಾಗ ಮಾವ ಬೆರಗಾಗಿಬಿಟ್ಟರು.

"ಇದೇನವ್ವಾ, ಒಬ್ಬೊಬ್ಬಂದು ಒಂದೊಂದು ತಾರೀಖು! ಎಷ್ಟು ಪುರುಸೊತ್ತದ ಈ ದೇಶದವರಿಗೆ?"

ಅವರ ಬೆರಗಿಗೂ ಕಾರಣವುಂಟು. ಅವರ ಶಾಲೆಯಲ್ಲಿ ಎಲ್ಲರೂ ಜೂನ್ ಒಂದರಂದೇ ಹುಟ್ಟಿದವರು! ಮಗುವನ್ನು ಸೇರಿಸಲು ಬಂದ ತಾಯಿಯನ್ನು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ "ಜ್ವಾಳ ಕೊಯ್ಯಾಗ್ರಿ" ಎನ್ನುತ್ತಿದ್ದಳು. ಯಾವ ವರ್ಷದ ಜೋಳ? ಅದು ಅವಳಿಗೂ ಗೊತ್ತಿಲ್ಲ, ಜೋಳಕ್ಕೂ ಗೊತ್ತಿಲ್ಲ! ಮಾವ ಶಾಲೆ ತೆರೆಯುವ ತಾರೀಖನ್ನೇ ಬರೆದುಬಿಡುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ರಿಜಿಸ್ಟರ್ ತಿರುವಿ, "ಏನ್ರೀ ಮಾಸ್ತರ, ಈ ಊರಾಗ ಉಳಿದ ಹನ್ನೊಂದು ತಿಂಗಳು ಹೆರಿಗಿ ಬಂದ್ ಏನು?" ಎಂದರಂತೆ. "ರಿಜಿಸ್ಟರ್ ಪ್ರಕಾರ ಬಂದ್ ಅದಾವ್ರಿ ಸರ" ಎಂದರಂತೆ ಮಾವ.

ವಯಸ್ಸು ಅಳೆಯಲು ಅವರ ಬಳಿ ಒಂದು ಯಂತ್ರವಿತ್ತು, ಅದು ಮಗುವಿನದೇ ಕೈ. ಬಲಗೈ ನೆತ್ತಿಯ ಮೇಲಿಂದ ಹಾಯ್ದು ಎಡಗಿವಿ ಮುಟ್ಟಿದರೆ ಆರು ತುಂಬಿತು, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಈಗಿನ ಪಂದ್ಯಾವಳಿಗಳಲ್ಲಿ ಮಣಿಕಟ್ಟಿನ ಎಲುಬನ್ನು ಸ್ಕ್ಯಾನ್ ಮಾಡಿ ವಯಸ್ಸು ನೋಡುತ್ತಾರೆಂದು ನಾನು ಹೇಳಿದಾಗ ಎದ್ದು ನಿಂತರು. "ನಾವು ಕಿವಿ, ಅವರು ಮಣಿಕಟ್ಟು! ಯಾವುದು ಖರೆ ಇರಬೇಕು?" ಎಂದು ಮರುದಿನ ಬೆಳಿಗ್ಗೆ ಮೈದಾನಕ್ಕೇ ಹೋಗಿ ಅಲ್ಲಿ ಆಡುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕಿವಿ ಮುಟ್ಟಿಸಿದರು. ಮೂರನೆಯವನು ವಿಧೇಯನಾಗಿ ಮುಟ್ಟಿದ. ಮಾವ "ಭೇಷ್, ಎಷ್ಟನೇ ಕ್ಲಾಸು ತಮ್ಮಾ?" ಎಂದರು. ಆತ ಮೆಲ್ಲಗೆ, "ಸರ, ನಾ ಕೋಚ್. ಎರಡು ಮಕ್ಕಳದಾವ ನನಗ" ಎಂದ!

ಒಂದು ಸಂಜೆ ನಾನು ಯಾವುದೋ ತಂಡದ ಪಟ್ಟಿ ಓದುತ್ತಿದ್ದೆ. ಜನವರಿ, ಜನವರಿ, ಫೆಬ್ರವರಿ, ಮತ್ತೆ ಜನವರಿ... "ಡಿಸೆಂಬರದಾಗ ಹುಟ್ಟಿದಾವ ಒಬ್ಬನೂ ಇಲ್ಲೇನು?" ಎಂದರು ಮಾವ. ವರ್ಷದ ಮೊದಲಿಗೆ ಹುಟ್ಟಿದವರು ಕೆಲವು ತಿಂಗಳು ದೊಡ್ಡವರು, ಬಲ ಹೆಚ್ಚು, ಅದಕ್ಕೇ ಆಯ್ಕೆಯಾಗುತ್ತಾರಂತೆ ಎಂದೆ. ಮಾವ ಟಿ.ವಿ. ಆರಿಸಿದರು. "ನಾಕು ತಿಂಗಳಿಗೆ ಇಷ್ಟು ಫರಕ್ ಬೀಳ್ತದಂದ್ರ, ನಾ ಒಂದು ವರ್ಷನ ತಿದ್ದೀನಲ್ಲವ್ವಾ..."

ಆಗ ಹೊರಬಿತ್ತು ಅವರ ಹಳೆಯ ವಿದ್ಯಾರ್ಥಿ ಮೌಲಾಲಿಯ ವಿಷಯ. ಅವನ ತಾಯಿ ಹತ್ತಿ ಬಿಡಿಸಲು ಹೋಗಬೇಕಿತ್ತು, ಮಗು ಮನೆಯಲ್ಲಿ ಒಂದೇ ಆಗುತ್ತಿತ್ತು. ಐದೇ ವರ್ಷ, ಕೈ ಕಿವಿ ಮುಟ್ಟಲಿಲ್ಲ. ತಾಯಿ ಗೋಗರೆದಳು. ಮಾವ ಹುಡುಗನ ತಲೆಯನ್ನು ತುಸು ವಾಲಿಸಿ ಕಿವಿ ಮುಟ್ಟಿಸಿ, ಒಂದು ವರ್ಷ ದೊಡ್ಡವನನ್ನಾಗಿ ಬರೆದುಕೊಂಡರು. ಅದೇ ಹುಡುಗ ಮುಂದೆ ಚೆಂಡಿನ ಹುಚ್ಚನಾದ. ಹದಿನೇಳರೊಳಗಿನವರ ರಾಜ್ಯ ತಂಡದ ಆಯ್ಕೆಗೆ ಹೋದಾಗ, ದಾಖಲೆಯಲ್ಲಿ ವಯಸ್ಸು ಮೀರಿದೆ ಎಂದು ವಾಪಸು ಕಳಿಸಿದರು. ಅಲ್ಲಿಗೆ ಆಟ ಮುಗಿಯಿತು. ಈಗ ಮಾನ್ವಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಮಾವ ಇಷ್ಟು ವರ್ಷ ಅವನಿಗೆ ನಿಜ ಹೇಳಿರಲಿಲ್ಲ. ಟಿ.ವಿ.ಯಲ್ಲಿ ಹುಡುಗರ ವಯಸ್ಸು ನೋಡುತ್ತ, ಅವನೂ ಅಲ್ಲಿಗೆ ಹೋಗಬಹುದಿತ್ತೇ ಎಂದು ಲೆಕ್ಕ ಹಾಕುತ್ತ ಕೂತಿದ್ದರು. ನಾನು ಅದನ್ನು ಹುಚ್ಚು ಎಂದು ನಗುತ್ತಿದ್ದೆನಲ್ಲ, ನಾಚಿಕೆಯಾಯಿತು.

"ಹೇಳಿಬಿಡೋಣ ನಡೀರಿ ಮಾಮಾ" ಎಂದೆ. ಮರುದಿನ ಮಾನ್ವಿ ಬಸ್ಸು ಹತ್ತಿದೆವು. ದಾರಿಯಲ್ಲಿ ಒಂದು ಮಗುವಿನ ಟಿಕೆಟ್ಟಿಗೆ ಜಗಳ. ಕಂಡಕ್ಟರ್ ಆರು ತುಂಬ್ಯಾವ ಎನ್ನುತ್ತಾನೆ, ತಾಯಿ ಐದು ಎನ್ನುತ್ತಾಳೆ. ಮಾವ ಕಿಟಕಿಯಾಚೆ ನೋಡುತ್ತಾರೆ! ನಿಜ ಕೇಳಿ ಮೌಲಾಲಿ ಏನನ್ನುತ್ತಾನೋ ಎಂದು ಆಗಲೇ ನನಗೆ ಹೆದರಿಕೆಯಾಗಿದ್ದು.

"ಸರ, ಬರ್ರಿ ಬರ್ರಿ, ಚಾ ತರಸ್ತೀನಿ" ಎಂದು ಮೌಲಾಲಿ ಕುರ್ಚಿ ಒರೆಸಿದ. ಮಾವ ಕೂರಲಿಲ್ಲ.

"ಮೌಲಾ, ನೀ ಹುಟ್ಟಿದ ವರ್ಷ ನಾ ಬೇಕಂತ ತಪ್ಪು ಬರದೀನಪ್ಪ. ನಿನ್ನ ಆಟ ತಪ್ಪಿಸಿದಾವ ನಾನು."

ಮೌಲಾಲಿಯ ಕೈಯಲ್ಲಿದ್ದ ಟ್ಯೂಬು ನೀರಿನ ತೊಟ್ಟಿಗೆ ಬಿತ್ತು. "ಅವ್ವ ಹೇಳತಿದ್ದಳ್ರಿ ಸರ. ನಾ ನಂಬಲಿಲ್ಲ. ನನ್ನ ಸಮಾಧಾನಕ್ಕ ಸುಳ್ಳು ಹೇಳಾಕತ್ತಾಳ ಅಂತ ಆಕಿ ಜೋಡಿ ಮಾತು ಬಿಟ್ಟಿದ್ದೆ. ನಮ್ಮ ಸರ ತಪ್ಪು ಬರೀತಾರೇನು ಅಂದಿದ್ದೆ."

"ಸಿಟ್ಟು ಬಂತೇನಪ್ಪ?"

"ಬಂತ್ರಿ" ಎಂದ ನೇರವಾಗಿ. ಊರಲ್ಲಿದ್ದ ತಾಯಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. "ಯವ್ವಾ, ಮಾಸ್ತರ ಬಂದಾರ. ತಪ್ಪು ತಮ್ಮದು ಅನ್ನಾಕತ್ತಾರ."

"ಅವರದೇನು ತಪ್ಪಪ್ಪ! ಒಲ್ಲೆ ಅಂದ್ರೂ ಕಾಲಿಗೆ ಬಿದ್ದು ಬರಸಿದಾಕಿ ನಾನು. ತಪ್ಪು ನಂದು."

ಮಾವ ಫೋನಿಗೆ ಬಾಗಿದರು. "ಇಲ್ಲವ್ವಾ, ಪೆನ್ನು ನನ್ನ ಕೈಯಾಗಿತ್ತು. ತಪ್ಪು ನಂದು."

"ನಂದ್ರೀ!"

"ಏ, ನಿನ್ನದು ಹೆಂಗ ಆಗ್ತದ? ನಂದು!"

ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ಜಗಳ ಬೇಕಾದಷ್ಟು ಕಂಡಿದ್ದೇನೆ. ತನ್ನದೇ ಎಂದು ಜಗ್ಗಾಡುವುದನ್ನು ಅಂದೇ ಮೊದಲು ಕಂಡಿದ್ದು! ನನಗೆ ನಗು ತಡೆಯಲಾಗಲಿಲ್ಲ, ಮೌಲಾಲಿಯೂ ನಕ್ಕ. ನಗುತ್ತಲೇ ಕೇಳಿದ: "ಯವ್ವಾ, ಇಷ್ಟು ವರ್ಷ ನೀನೂ ಇದನ್ನ ಮನಸಿಗೆ ಹಚಗೊಂಡು ಕುಂತಿದ್ದೇನು?"

"ಮತ್ತೇನಪ್ಪ? ನಿನ್ನ ಆಟ ಹೋತಲ್ಲ."

ಮೌಲಾಲಿಯ ನಗು ನಿಂತುಹೋಯಿತು. ಗ್ರೀಸಿನ ಕೈಯಿಂದಲೇ ಕಣ್ಣೊರೆಸಿಕೊಂಡು, ಹಾಡುಹಗಲೇ ಅಂಗಡಿಯ ಶಟರ್ ಎಳೆದ. "ಸರ, ನೀವೂ ಬರ್ರಿ. ಅವ್ವನ ಮುಂದ ನಾ ಒಬ್ಬಾವ ನಿಲ್ಲಾಕ ಆಗಂಗಿಲ್ಲ" ಎಂದ. ಕ್ಷಮೆ ಕೇಳಲು ಬಂದಿದ್ದ ಮಾವ, ಕ್ಷಮೆ ಕೇಳಲು ಹೊರಟವನ ಕೈ ಹಿಡಿದುಕೊಂಡು ದೇವದುರ್ಗದ ಬಸ್ಸು ಹತ್ತಿದರು.