ಗುಡ್ಡದ ತುದಿಯಿಂದ ಕಂಡ ಸಮುದ್ರ

ಸುಳ್ಳು ಹೇಳುವ ಚಟ ನನಗಿಲ್ಲ. ಆದರೆ ಮದುವೆಯಾದ ಹೊಸತರಲ್ಲಿ ಯಾವ ಗಂಡಸೂ ಪೂರಾ ನಿಜ ಹೇಳುವುದಿಲ್ಲ ಎಂಬುದು ನನ್ನ ನಂಬಿಕೆ; ನಂಬಿಕೆ ಅನ್ನುವುದಕ್ಕಿಂತ ಸಮಾಧಾನ. ಧಾರವಾಡ ಬಿಟ್ಟು ದಾಂಡೇಲಿಯ ಕಾಗದದ ಕಾರ್ಖಾನೆಗೆ ಗುಮಾಸ್ತನಾಗಿ ಬಂದಾಗ ಕಾರ್ಖಾನೆಯೂ ಹೊಸದು, ಕ್ವಾರ್ಟರ್ಸೂ ಹೊಸದು, ಹೆಂಡತಿಯೂ ಹೊಸಬಳು. ಹಿತ್ತಲ ಬಾಗಿಲು ತೆರೆದರೆ ಜೋಯಿಡಾ ಕಡೆಯ ಎತ್ತರದ ಗುಡ್ಡವೊಂದು ಕಾಣುತ್ತಿತ್ತು. "ಅದರ ಆಚೀಕ ಏನೈತ್ರಿ?" ಎಂದು ಗಂಗವ್ವ ಕೇಳಿದಳು. ಮುಂಡಗೋಡದ ಒಕ್ಕಲುತನದ ಮನೆಯ ಮಗಳು. ಕೆರೆಗಿಂತ ದೊಡ್ಡ ನೀರು ಕಂಡವಳಲ್ಲ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು! "ನಾ ತುದೀ ಮಟಾ ಹತ್ತಿ ಬಂದೇನಿ. ಅಲ್ಲಿಂದ ಸಮುದ್ರ ಕಾಣ್ತೈತಿ" ಎಂದುಬಿಟ್ಟೆ.

ಅವಳು ಅಷ್ಟಕ್ಕೇ ಬಿಟ್ಟಾಳೆಯೇ? ಓಣಿಯ ಹೆಂಗಸರಿಗೆಲ್ಲ "ನಮ್ಮವರು ಆ ಗುಡ್ಡಾ ಹತ್ಯಾರ" ಎಂದು ಸಾರಿದಳು. ಎರಡು ವರ್ಷ ನನ್ನನ್ನು ಕಾಡಿ, ಕಡೆಗೊಂದು ರವಿವಾರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೇ ನಿಂತಳು. ನನ್ನ ಮಾನ ಹೋಗುವ ಹೊತ್ತು ಬಂದಿತ್ತು. ಆದರೂ ಅಲ್ಲಿ ಏನಿದೆ ಎಂದು ನೋಡುವ ಆಸೆ ಅವಳಿಗಿಂತ ನನಗೇ ಹೆಚ್ಚಿತ್ತು.

ದಾರಿ ತೋರಿಸಲು ಬಂದವನು ಗಾಡಿಯಲ್ಲಿ ಬಿದಿರು ತರುತ್ತಿದ್ದ ಪಾಂಡು. ಗುಡ್ಡದ ಬುಡದಲ್ಲಿ ಒಣಗಿದ ಸೊಪ್ಪಿನ ರಾಶಿಯೊಂದರ ಮುಂದೆ ನಿಂತು, "ಪೈಲೇ ಸಲ ಹತ್ತೋರು ದೇವರಿಗೆ ಸೊಪ್ಪು ಹಾಕಬೇಕು, ಸಾಹೇಬ. ಇಲ್ಲಾಂದ್ರ ದೇವರು ಬೀಳಿಸ್ತದ. ಹಿಂದ ಹತ್ತಿದೋರಿಗೆ ಬ್ಯಾಡ" ಎಂದ. ಹಾಕಿದರೆ ಹೆಂಡತಿಯ ಮುಂದೆ ಮಾನ ಹೋಗುತ್ತದೆ, ಹಾಕದಿದ್ದರೆ ಪ್ರಾಣ. ನಾನು ಮಾನದ ಪಕ್ಷ ಹಿಡಿದು ಎದೆ ಸೆಟೆದು ಮುಂದೆ ನಡೆದೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಕಾಲಡಿಯ ಒಂದೊಂದು ಕಲ್ಲೂ ನನಗೇ ಕಾದು ಕೂತಂತಿತ್ತು. ಅರ್ಧ ದಾರಿಯಲ್ಲಿ ಜಾರಿ ಬಿದ್ದು, "ಯವ್ವಾ, ತಪ್ಪಾತು ದೇವರೇ!" ಎಂದು ಕೂಗಿಯೇಬಿಟ್ಟೆ. ಗಂಗವ್ವ ಕೈಕೊಟ್ಟು ಎಬ್ಬಿಸಿ ಮೆಲ್ಲಗೆ, "ಅಂಜಬ್ಯಾಡ್ರಿ. ನಿಮ್ಮ ಪಾಲಿನ ಸೊಪ್ಪೂ ನಾನ ಹಾಕೇನಿ" ಎಂದಳು. ಎಂದಿನಿಂದ ಗೊತ್ತಿತ್ತೋ! ನೆಲ ಬಾಯ್ದೆರೆದು ನುಂಗಬಾರದೇ ಅನ್ನಿಸಿತು. ಎರಡು ಹೆಜ್ಜೆ ನಡೆದು, "ಸಮುದ್ರ ಆದರೂ ಐತಿಲ್ರಿ?" ಎಂದಳು. ನಾನು ಏದುಸಿರು ಬಿಡುವುದರಲ್ಲಿ ಮಗ್ನನಾದೆ.

ತುದಿಯಲ್ಲಿ ನಿಂತು ನೋಡಿದರೆ ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಮತ್ತೊಂದು ಗುಡ್ಡ. ನೀರೆಂದರೆ ನಮ್ಮ ತಂಬಿಗೆಯಲ್ಲಿದ್ದಷ್ಟೇ. ಗಂಗವ್ವ ಹಣೆಗೆ ಕೈ ಅಡ್ಡ ಹಿಡಿದು ಪಡುವಣ ದಿಕ್ಕನ್ನೇ ದಿಟ್ಟಿಸಿದಳು. ನನಗೆ ನಿಜಕ್ಕೂ ಸಂಕಟವಾಯಿತು. ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ, "ಬುತ್ತಿ ಬಿಚ್ಚೂಣು ಬರ್ರಿ" ಎಂದಳು.

ಮರುದಿನ ಬೆಳಿಗ್ಗೆ ಮನೆಯ ಮುಂದಿನ ನಳದ ಹತ್ತಿರ ಹೆಂಗಸರು ಅವಳನ್ನು ಮುತ್ತಿದರು. "ಕಂಡ್ತೇನವಾ ಸಮುದ್ರ?" ನಾನು ಬಾಗಿಲ ಹಿಂದೆ ಕಿವಿಗೊಟ್ಟು ನಿಂತೆ.

"ಕಾಣದ ಏನ್ರಿ? ನೀಲಿ ಅಂದ್ರ ನೀಲಿ! ಎರಡು ಹಡಗ ಸುದ್ದಾ ಇದ್ದುವು. ಅವು ನಮ್ಮವರ ಕಣ್ಣಿಗೆ ಬೀಳಲಿಲ್ಲ ನೋಡ್ರಿ, ಪಾಪ."

ಅಬ್ಬಾ, ಮಾನ ಉಳಿಯಿತು! ಆದರೆ ಇಣುಕಿ ನೋಡಿದರೆ ಅವಳ ಮುಖದಲ್ಲಿ ಸುಳ್ಳಿನ ಸುಳಿವೇ ಇಲ್ಲ. ವಾರವಿಡೀ ಅದೇ ಯೋಚನೆ ತಲೆ ತಿಂದಿತು. ಮುಂದಿನ ರವಿವಾರ ಸಂತೆಗೆ ಹೋಗುತ್ತೇನೆಂದು ಹೇಳಿ, ಆ ಹಡಗುಗಳನ್ನು ನೋಡಿಬರಲು ನಾನೊಬ್ಬನೇ ಗುಡ್ಡ ಹತ್ತಿದೆ.