ಒಂಬತ್ತನೆಯ ಸಲವೂ ಕೊನೆಯ ಸಲವೆಂದೇ ನಿಂತಿರುವ ಭಾಸ್ಕರರಾಯರಿಗೆ, ನಮ್ಮ ದೋಣಿಯ ಪರವಾಗಿ

ಲೋಕಸಭೆಗೆ ಎಂಟು ಸಲ ನಿಂತು, ಆರು ಸಲ ಗೆದ್ದು, ಈಗ ಒಂಬತ್ತನೆಯ ಸಲ ಬಿಸಿಲಿನಲ್ಲಿ ಕೈಮುಗಿದುಕೊಂಡು ಓಡಾಡುತ್ತಿರುವ ಶ್ರೀ ಭಾಸ್ಕರರಾಯರ ಸನ್ನಿಧಾನಕ್ಕೆ,

ಮಾನ್ಯರೇ,

ಮಾವಳ್ಳಿಯ ಮೀನುಗಾರ ದಾಸ ಅವರ ಹೆಂಡತಿ ಕಮಲಿ ಮಾಡುವ ನಮಸ್ಕಾರಗಳು. ತಮ್ಮ ಮೊಣಕಾಲು ನೋವು ಕಡಿಮೆಯಾಗಿದೆಯೆಂದು, ಜೀಪಿನ ಮೇಲೆ ತಾವು ಹತ್ತಿ ನಿಂತ ರೀತಿಯಿಂದಲೇ ತಿಳಿದು ಸಂತೋಷವಾಯಿತು. ನಾವೆಲ್ಲರೂ ಇಲ್ಲಿ ಕ್ಷೇಮ. ನಮ್ಮ ದೋಣಿ ಮಾತ್ರ ಕ್ಷೇಮವಿಲ್ಲ. ಅದು ಇಪ್ಪತ್ತೆರಡು ದಿನಗಳಿಂದ ಮರಳಿನ ಮೇಲೆ ಮಲಗಿದೆ. ಅದಕ್ಕೆ ತಗಲಿರುವ ಕಾಯಿಲೆಯ ಹೆಸರು ತಮ್ಮದೇ ಆಗಿರುವುದರಿಂದ ಈ ಬಹಿರಂಗ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

ತಮಗೆ ನೆನಪಿರಲಿಕ್ಕಿಲ್ಲ. ನನ್ನ ಅತ್ತೆ ಬೆಳ್ಳಿಯವರು ಕೈಬಳೆ ಕಳಚಿಕೊಟ್ಟು ಮಾಡಿಸಿದ ಆ ದೋಣಿಯನ್ನು ನೀರಿಗಿಳಿಸುವ ದಿನವೇ ತಾವು ಮೊದಲ ಸಲ ಮತ ಕೇಳಲು ನಮ್ಮ ದಡಕ್ಕೆ ಬಂದಿರಿ. ದೋಣಿಗೆ ಅತ್ತೆಯ ಹೆಸರಿಡುವುದೆಂದು ಮನೆಯಲ್ಲಿ ಮಾತಾಗಿತ್ತು, ಬಣ್ಣವೂ ಕಲಸಿಯಾಗಿತ್ತು. ತಾವು ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ಕಾಯಿ ಒಡೆದು, ಗೆದ್ದರೆ ಇಲ್ಲಿ ಅಲೆ ತಡೆಯುವ ಗೋಡೆ ಕಟ್ಟಿಸುತ್ತೇನೆ ಎಂದಿದ್ದೇ ತಡ, ನನ್ನ ಗಂಡ ಅದೇ ಬಣ್ಣದಲ್ಲಿ ‘ಭಾಸ್ಕರ ವಿಜಯ’ ಎಂದು ಬರೆದು, ಪಕ್ಕದಲ್ಲಿ ಮೀಸೆ ಸಮೇತ ತಮ್ಮ ಮುಖವನ್ನೂ ಬಿಡಿಸಿಬಿಟ್ಟರು. ಅತ್ತೆ ಪೆಚ್ಚಾಗಿ ನಿಂತಿದ್ದನ್ನು ಕಂಡು, “ಅವ್ವಾ, ಈ ಸಲ ಇದು ಆತು. ಅವ್ರು ರಾಜಕೀಯ ಬಿಟ್ಟ ಮರುದಿನ ನಿನ್ನ ಹೆಸ್ರೇ ಬರಿಯೂದು” ಎಂದು ಮಾತು ಕೊಟ್ಟರು. ಆಗ ಅತ್ತೆಗೆ ಐವತ್ತೊಂದು ವರ್ಷ. ಈಗ ಎಂಬತ್ತನಾಲ್ಕು.

ಅಂದಿನಿಂದ ತಮ್ಮ ನಿವೃತ್ತಿಗಾಗಿ ಈ ಕ್ಷೇತ್ರದಲ್ಲಿ ನಮ್ಮ ಮನೆಯವರಷ್ಟು ಶ್ರದ್ಧೆಯಿಂದ ಕಾದವರು ತಮ್ಮ ವಿರೋಧಿಗಳಲ್ಲಿಯೂ ಇಲ್ಲ. ಎರಡು ಸಲ ಗೆದ್ದು ಮೂರನೆಯ ಸಲ ಸೋತಾಗ ಅತ್ತೆ ಪಾಯಸ ಮಾಡಿಸಿದರು. ತಾವು ಕುಮಟೆಯ ಸಭೆಯಲ್ಲಿ, ಸೋತು ಮನೆಗೆ ಹೋಗುವ ಜಾಯಮಾನ ತಮ್ಮದಲ್ಲ ಎಂದು ಗುಡುಗಿದಿರಿ. ಹಾಗಾದರೆ ಗೆದ್ದಾದರೂ ಹೋಗಲಿ ಎಂದು ಮುಂದಿನ ಸಲ ಮನೆಮಂದಿಯೆಲ್ಲ ಸಾಲಾಗಿ ಹೋಗಿ ತಮಗೇ ಮತ ಹಾಕಿದೆವು. ಗೆದ್ದವರು ಹೊನ್ನಾವರದಲ್ಲಿ ಹಾರದ ಮೇಲೆ ಹಾರ ಹಾಕಿಸಿಕೊಂಡು, ಜನರು ತಮ್ಮನ್ನು ಬಿಡುತ್ತಿಲ್ಲವೆಂದು ಕಣ್ಣೊರೆಸಿಕೊಂಡಿರಿ. ಭಟ್ಕಳದಲ್ಲಿ ಇದೇ ತಮ್ಮ ಕೊನೆಯ ಚುನಾವಣೆಯೆಂದು ತಾವು ಸಾರಿದ್ದು ಐದು ಸಲ. ಐದೂ ಸಲ ನನ್ನ ಗಂಡ ಬಿಳಿ ಬಣ್ಣದ ಡಬ್ಬಿ ತಂದು, ಐದೂ ಸಲ ಅದರಲ್ಲಿ ಮನೆಯ ಬಾಗಿಲಿಗೆ ಬಣ್ಣ ಹೊಡೆದರು. ನಮ್ಮ ಬಾಗಿಲಿನಷ್ಟು ಬೆಳ್ಳಗಿನ ಬಾಗಿಲು ಈಗ ಮಾವಳ್ಳಿಯಲ್ಲಿಯೇ ಇಲ್ಲ, ಅದಕ್ಕಾಗಿ ತಮಗೆ ಧನ್ಯವಾದಗಳು.

ತಾವು ಪಕ್ಷ ಬದಲಿಸಿದಾಗಲೆಲ್ಲ ನನ್ನ ಗಂಡ ಚಿಹ್ನೆಯನ್ನೂ ಬದಲಿಸಿದರು. ಕೊಡೆಯ ಹಿಡಿಯನ್ನೇ ಮಂಚದ ಕಾಲಾಗಿಸಿ, ಆಮೇಲೆ ಮಂಚವನ್ನು ಎತ್ತಿ ನಿಲ್ಲಿಸಿ ಕುರ್ಚಿಯಾಗಿಸಿದ ಅವರ ಜಾಣ್ಮೆಯನ್ನು ತಾವು ಒಮ್ಮೆ ಬಂದು ನೋಡಬೇಕು. ದೋಣಿಯ ಹಲಗೆಗಳೆಲ್ಲ ಒಂದೊಂದಾಗಿ ಕೊಳೆತು ಲಡ್ಡಾಗಿ, ಬದಲಾಗಿ ಹೊಸತಾಗಿವೆ, ಎಂಜಿನ್ ಮೂರು ಸಲ ಬದಲಾಗಿದೆ. ತಾವು ಮಾತ್ರ ಮೀಸೆ ಇನ್ನಷ್ಟು ಕಪ್ಪಾಗುತ್ತ ಹಾಗೆಯೇ ಇದ್ದೀರಿ. ಅಲೆ ತಡೆಯುವ ಗೋಡೆಯೂ ಹಾಗೆಯೇ ತಮ್ಮ ಬಾಯಲ್ಲಿ ಭದ್ರವಾಗಿದೆ.

ಇನ್ನು ದೂರಿಗೆ ಬರುತ್ತೇನೆ. ಚುನಾವಣೆ ಘೋಷಣೆಯಾದ ಮರುದಿನವೇ ಚುನಾವಣಾ ಕಚೇರಿಯ ಜೀಪಿನಲ್ಲಿ ಬಂದ ನಾಲ್ವರು, ಅಭ್ಯರ್ಥಿಯ ಹೆಸರು ಮತ್ತು ಮುಖ ಹೊತ್ತ ದೋಣಿ ಸಮುದ್ರದಲ್ಲಿ ಓಡಾಡಿದರೆ ನೀತಿ ಸಂಹಿತೆಯ ಉಲ್ಲಂಘನೆಯಾಗುತ್ತದೆ, ಮುಚ್ಚಿ ಎಂದರು. ಬಂಗುಡೆ ಮೀನುಗಳು ಮತದಾರರ ಪಟ್ಟಿಯಲ್ಲಿಲ್ಲ ಎಂದು ನಾನು ವಿನಯದಿಂದ ತಿಳಿಸಿದರೂ ಒಪ್ಪಲಿಲ್ಲ. ಅತ್ತೆಯ ಹಳೆಯ ಸೀರೆಯನ್ನು ದೋಣಿಗೆ ಉಡಿಸಿ ಕಳಿಸಿದೆವು. ಒಂದು ಹರದಾರಿ ಹೋಗುವಷ್ಟರಲ್ಲಿ ಕರಾವಳಿ ಪೊಲೀಸರ ಕಾವಲು ದೋಣಿಯವರು ಅಡ್ಡ ಬಂದು, ನೋಂದಾಯಿಸಿದ ಹೆಸರು ಕಾಣದ ದೋಣಿ ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ತೆಗೆಯಿರಿ ಎಂದರು. ತೆಗೆದರೆ ಜೀಪು, ಮುಚ್ಚಿದರೆ ಕಾವಲು ದೋಣಿ. ಕಾನೂನು ಬಿಗಿಯಾದಾಗಿನಿಂದ ಪ್ರತಿ ಚುನಾವಣೆಗೂ ಇದೇ ಹಾಡು. ಮಳೆಗಾಲಕ್ಕೆ ಮುಂಚಿನ ಒಳ್ಳೆಯ ಮೀನು ಪ್ರತಿ ಸಲವೂ ತಮ್ಮ ಕೀರ್ತಿಯ ದೆಸೆಯಿಂದ ಬೇರೆಯವರ ಬಲೆಗೆ ಬೀಳುತ್ತದೆ.

ಆದಕಾರಣ ಕೆಲವು ವಿನಂತಿಗಳು. ಚುನಾವಣೆಯೇ ಇಲ್ಲದೆ ತಾವು ಸೂರ್ಯಚಂದ್ರರಿರುವ ತನಕ ಸದಸ್ಯರಾಗಿರುವಂತೆ ಪಾರ್ಲಿಮೆಂಟಿನಲ್ಲಿ ಒಂದು ಕಾಯ್ದೆ ತರುವುದು. ಆಗದಿದ್ದರೆ, ಸಮುದ್ರವಿಲ್ಲದ ಯಾವುದಾದರೂ ದೂರದ ಕ್ಷೇತ್ರದಿಂದ ನಿಲ್ಲುವುದು. ಅದೂ ಕಷ್ಟವಾದರೆ, ಒಂದು ಅಫಿಡವಿಟ್ ಮಾಡಿಸಿ ತಾವೇ ತಮ್ಮ ಹೆಸರು ಬದಲಿಸಿಕೊಳ್ಳುವುದು. ಮೂರು ಪಕ್ಷ ಸುತ್ತಿದವರಿಗೆ ಹೆಸರೇನೂ ಭಾರವಲ್ಲ. ಮೀಸೆಯನ್ನು ಅದರ ಜೊತೆಗೇ ತೆಗೆಸಿದರೆ ಇನ್ನೂ ಉಪಕಾರ.

ನಗುತ್ತ ಬರೆಯುತ್ತಿದ್ದೇನೆ ಮಾನ್ಯರೇ, ಆದರೆ ಒಂದು ಮಾತು ನಗದೆ ಹೇಳಬೇಕು. ಅತ್ತೆಯ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಮಂಜು ಕವಿದಿದೆ. ಅರವತ್ತಾದ ಮೇಲೆ ಸಾಕ್ಷರತೆಯ ಕ್ಲಾಸಿಗೆ ಹೋಗಿ ಅವರು ಕಲಿತಿದ್ದು ಬೆಳ್ಳಿ ಎಂಬ ಎರಡೇ ಅಕ್ಷರ. ಅವರಿಗೆ ಓದಲು ಬರುವುದು ಅಷ್ಟೇ. ಮೊನ್ನೆ ಸಂಜೆ ಮರಳಿನಲ್ಲಿ ಕೂತು, “ಕಮಲೀ, ಅವ್ರು ಈ ಸಲ ಎಂತ ಅಂದ್ರು? ಬಿಡ್ತ್ರಂತಾ?” ಎಂದು ಕೇಳಿದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಅದಕ್ಕೆ ಉತ್ತರವನ್ನು ತಾವೇ ಬರೆದು ಕಳಿಸಬೇಕಾಗಿ ಪ್ರಾರ್ಥನೆ.

ತಮ್ಮ ಗೆಲುವಿಗೂ ಸೋಲಿಗೂ ಹರಕೆ ಹೊತ್ತು ಸುಸ್ತಾಗಿರುವ,
ತಮ್ಮ ವಿಶ್ವಾಸಿ,
ಕಮಲಿ, ಮಾವಳ್ಳಿ

ತಾ.ಕ.: ಪತ್ರವನ್ನು ಅಂಚೆಗೆ ಹಾಕುವ ಮೊದಲೇ ವಿಷಯ ಸ್ವಲ್ಪ ಮುಂದುವರಿದಿದೆ. ದೋಣಿಯ ನೋಂದಣಿ ನಂಬರ್ ಸರಿಯಿದ್ದರೆ ಚುನಾವಣೆ ಮುಗಿಯುವ ತನಕ ಯಾವ ಹೆಸರಾದರೂ ನಡೆದೀತು, ಹೆಸರೊಂದು ಇರಲಿ ಎಂದು ಕಾವಲು ದೋಣಿಯವರು ಕೊನೆಗೆ ಕರುಣೆ ತೋರಿದರು. ನಾನು ತಮ್ಮ ಹೆಸರೂ ಮುಖವೂ ಮುಚ್ಚುವಷ್ಟು ಅಗಲದ ಹಲಗೆಯ ಮೇಲೆ ‘ಬೆಳ್ಳಿ’ ಎಂದು ಬರೆದು ಹಗ್ಗದಲ್ಲಿ ಕಟ್ಟಿದೆ. ಅತ್ತೆ ಹಲಗೆಗೆ ಮೂಗು ತಾಗಿಸಿ ನೋಡಿದರು, ಬೆರಳಿನಿಂದ ಎರಡೂ ಅಕ್ಷರಗಳನ್ನು ಸವರಿದರು, ಮತ್ತೊಮ್ಮೆ ಸವರಿದರು. ಅದನ್ನು ನೋಡುತ್ತ ನಿಂತಿದ್ದ ನನ್ನ ಗಂಡ, ಮೂವತ್ಮೂರು ವರ್ಷಗಳ ತಮ್ಮ ಅಭಿಮಾನಿ, ಮನೆಗೆ ಹೋಗಿ ಸುತ್ತಿಗೆ ತಂದು, ಹಗ್ಗ ಬಿಚ್ಚಿ ನಾಲ್ಕು ಮೊಳೆ ಹೊಡೆದರು. ಅದರಲ್ಲಿ ಒಂದು ತಮ್ಮ ಮೀಸೆಯ ಎಡತುದಿಗೆ ಬಿದ್ದಿರುವುದಕ್ಕೆ ಕ್ಷಮೆ ಇರಲಿ. ಮತ ಎಣಿಕೆಯ ಮರುದಿನ ಹಲಗೆ ಕಳಚಬಹುದೆಂದು ಜೀಪಿನವರು ತಿಳಿಸಿದ್ದಾರೆ, ಆದರೆ ಮೊಳೆಗಳು ತಾಮ್ರದವು. ಉಪ್ಪುನೀರಿನಲ್ಲಿಯೂ ತುಕ್ಕು ಹಿಡಿಯುವುದಿಲ್ಲ.